ಚೀಲದಿಂದ ಎಷ್ಟು ದೂರ?

ತುಮಕೂರಿನ ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣದಲ್ಲಿ, ಬೆಂಚಿನ ಕೆಳಗೆ ಯಾರದೆಂದು ಗೊತ್ತಿಲ್ಲದ ಬೆನ್ನುಚೀಲವೊಂದು ಕಂಡಿತು ಎಂದುಕೊಳ್ಳಿ. ಜನ ಹಿಂದೆ ಸರಿಯಬೇಕು, ಸರಿ. ಎಷ್ಟು ಹಿಂದೆ? ನಮ್ಮಲ್ಲಿ ಹತ್ತು ಹೆಜ್ಜೆ ಆಚೆ ಸುತ್ತುಗಟ್ಟಿ ನಿಂತು ಮೊಬೈಲ್ ಎತ್ತುವುದು ವಾಡಿಕೆ. ಅಮೆರಿಕದ ಎಫ್‌ಬಿಐ ಬಳಸುವ ಕೋಷ್ಟಕ ಹೇಳುವುದೇ ಬೇರೆ. 2.3 ಕಿಲೋ ಸ್ಫೋಟಕವಿದ್ದರೆ 21 ಮೀಟರ್ ಒಳಗೆ ಒಬ್ಬರೂ ಇರಬಾರದು, ಬಯಲಲ್ಲಿ ನಿಲ್ಲುವವರು 366 ಮೀಟರ್ ಆಚೆ ಇರಬೇಕು. ಸೂಟ್‌ಕೇಸಿನಲ್ಲಿ ಹಿಡಿಯುವ 23 ಕಿಲೋಗೆ ಈ ಅಂಕಿಗಳು 46 ಮತ್ತು 564.

ಎರಡು ಅಂಕಿಗಳ ನಡುವೆ ಇಷ್ಟು ಅಂತರ ಏಕೆ? ಸ್ಫೋಟದ ಒತ್ತಡದ ಅಲೆ ದೂರ ಹೋದಂತೆ ಬೇಗ ಸೊರಗುತ್ತದೆ. ಮೊಳೆ, ಕಬ್ಬಿಣದ ಚೂರು, ಒಡೆದ ಗಾಜು ಹಾಗೆ ಸೊರಗುವುದಿಲ್ಲ, ಬಹಳ ದೂರದವರೆಗೂ ಹಾರಿಬಂದು ಚುಚ್ಚುತ್ತವೆ. ಆದ್ದರಿಂದ ಇವೆರಡು ದೂರಗಳ ನಡುವಿನ ಅಂಗಡಿ, ಲಾಡ್ಜುಗಳಲ್ಲಿ ಇರುವವರನ್ನು ಬೀದಿಗೆ ಎಳೆದು ತರುವುದಕ್ಕಿಂತ, ಕಿಟಕಿ ಮತ್ತು ಹೊರಗೋಡೆಯಿಂದ ದೂರ, ಒಳಕೋಣೆಯಲ್ಲಿ ಕೂರಿಸುವುದೇ ಎಷ್ಟೋ ಸಲ ಕ್ಷೇಮ. ಗಲಾಟೆ ಕೇಳಿ ಕಿಟಕಿಗೆ ಮುಖ ಒತ್ತಿ ನೋಡುವವರು ಗಾಜಿಗೆ ಮೊದಲು ಸಿಕ್ಕುತ್ತಾರೆ.

ಈ ದೂರಗಳ ವೃತ್ತಗಳನ್ನು ಚೀಲ ಸಿಕ್ಕ ಮೇಲೆ ಎಳೆಯಲಾಗದು. ಬಸ್ ನಿಲ್ದಾಣ, ರೈಲು ನಿಲ್ದಾಣ, ಮಾರುಕಟ್ಟೆ, ಶಿವರಾತ್ರಿ ಹೊತ್ತಿನ ಸಿದ್ಧಗಂಗಾ ಜಾತ್ರೆ, ಒಂದೊಂದಕ್ಕೂ ನಕ್ಷೆಯ ಮೇಲೆ ಮೊದಲೇ ಎಳೆದಿಟ್ಟು, ಯಾವ ರಸ್ತೆಯನ್ನು ಎಲ್ಲಿ ಕಟ್ಟಬೇಕು ಎಂದು ಬರೆದಿಡಬೇಕು. ನಗರದ ನಾಯಕತ್ವ ಎಂದರೆ ಮುಖ್ಯವಾಗಿ ಇದೇ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಮಹಾನಗರ ಪಾಲಿಕೆ ಇರುವ ನಗರಗಳಿಗೆ ಪ್ರತ್ಯೇಕ ನಗರ ಪ್ರಾಧಿಕಾರ ರಚಿಸಲು 2025ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಕಾಗದದಲ್ಲಿ ಯಾರೇ ಅಧ್ಯಕ್ಷರಾಗಲಿ, ಸ್ಥಳದಲ್ಲಿ ಆದೇಶ ಕೊಡುವವರು ಒಬ್ಬರೇ ಇರಬೇಕು. ಅವರು ಯಾರೆಂದು ಅಗ್ನಿಶಾಮಕ ದಳ, ಆಸ್ಪತ್ರೆ, ಬಸ್ ಡಿಪೊ ಮೂವರಿಗೂ ಮೊದಲೇ ಗೊತ್ತಿರಬೇಕು.

ಮೊದಲ ಹತ್ತು ನಿಮಿಷ ಮಾತ್ರ ಸ್ಥಳದಲ್ಲಿರುವ ಕಂಡಕ್ಟರ್, ಟ್ರಾಫಿಕ್ ಕಂಟ್ರೋಲರ್, ಹೋಂಗಾರ್ಡ್‌ಗಳ ಕೈಯಲ್ಲಿ ಇರುತ್ತದೆ. ಚೀಲವನ್ನು ಮುಟ್ಟಬಾರದು, ನೀರು ಹೊಯ್ಯಬಾರದು, ಮರಳು ಸುರಿಯಬಾರದು. ವಾಕಿಟಾಕಿ, ಮೊಬೈಲ್ ಬಳಸುವುದಿದ್ದರೆ ದೂರ ಹೋಗಿಯೇ ಬಳಸಬೇಕು. 112ಕ್ಕೆ ಕರೆ ಮಾಡಿದಾಗ ಚೀಲದ ಬಣ್ಣ, ಗಾತ್ರ, ನಿಖರ ಜಾಗ, ಕಂಡ ಸಮಯ ಹೇಳಬೇಕು. ಒಳಬರುವ ಬಸ್ಸುಗಳನ್ನು ಗೇಟಿನ ಆಚೆಯೇ ತಡೆಯಬೇಕು. ಮೈಕಿನಲ್ಲಿ ‘ಬಾಂಬ್’ ಎಂದು ಕೂಗಿದರೆ ನೂಕುನುಗ್ಗಲಲ್ಲೇ ಜನ ಸಾಯಬಹುದು. ‘ನಿಮ್ಮ ನಿಮ್ಮ ಲಗೇಜು ಎತ್ತಿಕೊಂಡು ಬಲಗಡೆ ಗೇಟಿನಿಂದ ನಿಧಾನವಾಗಿ ನಡೆಯಿರಿ’ ಎಂದರೆ ಸಾಕು. ಇಲ್ಲಿ ಲಗೇಜಿನ ಮಾತು ಬಿಡಬಾರದು. ಇನ್ನೂರು ಜನ ಚೀಲ ಬಿಟ್ಟು ಓಡಿದರೆ, ಬಾಂಬ್ ನಿಷ್ಕ್ರಿಯ ದಳಕ್ಕೆ ಒಂದರ ಬದಲು ಇನ್ನೂರು ಅನುಮಾನದ ಚೀಲಗಳು ಉಳಿಯುತ್ತವೆ. ಕೈಗೆ ನಿಲುಕುವಷ್ಟು ಹತ್ತಿರ ಇದ್ದದ್ದನ್ನು ಮಾತ್ರ ಎತ್ತಿಕೊಳ್ಳಬೇಕು, ಹಿಂತಿರುಗಿ ಹೋಗಿ ತರಬಾರದು.

ಹೊರಗೆ ಕಳಿಸಿದ ಜನ ಸೇರುವ ಬಯಲನ್ನೂ ಮೊದಲು ಶೋಧಿಸಬೇಕು, ಎರಡನೇ ಬಾಂಬ್ ಅಲ್ಲೇ ಇರಬಹುದು. 2008ರ ಜುಲೈ 26ರ ಸಂಜೆ ಅಹಮದಾಬಾದಿನಲ್ಲಿ ಮಾರುಕಟ್ಟೆ, ಬಸ್ಸುಗಳಲ್ಲಿ ಬಾಂಬ್ ಸಿಡಿದವು. ಗಾಯಾಳುಗಳು ಸಿವಿಲ್ ಆಸ್ಪತ್ರೆಗೆ ಬರುತ್ತಿದ್ದಂತೆ ಆಸ್ಪತ್ರೆಯ ಬಾಗಿಲಲ್ಲೇ ಮತ್ತೆ ಸ್ಫೋಟವಾಯಿತು. ನೆರವಿಗೆ ಬಂದವರೂ ಸತ್ತರು. ಅಂದಿನಿಂದ ಆಸ್ಪತ್ರೆಯ ತುರ್ತು ಬಾಗಿಲಿಗೆ ಪೊಲೀಸ್ ತಪಾಸಣೆ ಎಂಬುದು ಯೋಜನೆಯ ಮೊದಲ ಸಾಲುಗಳಲ್ಲೇ ಬರಬೇಕಾದ ಮಾತು.

ಸ್ಫೋಟ ಆಗಿಯೇ ಹೋದರೆ, ಉಳಿಸಬಹುದಾಗಿದ್ದ ಜೀವಗಳು ಹೆಚ್ಚಾಗಿ ಹೋಗುವುದು ರಕ್ತ ಸೋರಿ. ದೊಡ್ಡವರ ಮೈಯಲ್ಲಿರುವುದು ಸುಮಾರು 5 ಲೀಟರ್ ರಕ್ತ. ತೊಡೆಯ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷ. ಆಂಬುಲೆನ್ಸ್ ಬರುವವರೆಗೆ ಕಾಯಲಾಗದು. ಗಾಯದ ಮೇಲೆ ಬಟ್ಟೆ ಇಟ್ಟು, ಮೈಭಾರ ಬಿಟ್ಟು ಒತ್ತಬೇಕು. ಕೈಕಾಲಿನ ರಕ್ತ ನಿಲ್ಲದಿದ್ದರೆ ಗಾಯಕ್ಕಿಂತ 5–8 ಸೆಂಟಿಮೀಟರ್ ಮೇಲೆ, ಕೀಲು ಬಿಟ್ಟು, ನಾಲ್ಕು ಬೆರಳಗಲ ಮಡಿಸಿದ ಟವೆಲ್ಲು ಕಟ್ಟಿ, ಗಂಟಿನಲ್ಲಿ ಗಟ್ಟಿ ಕೋಲು ಸಿಕ್ಕಿಸಿ, ರಕ್ತ ನಿಲ್ಲುವವರೆಗೆ ತಿರುಚಬೇಕು. ಗಾಯಾಳು ನೋವಿನಿಂದ ಕೂಗಿದರೂ ಸಡಿಲಿಸಬಾರದು. ಅರೆಬರೆ ಬಿಗಿದರೆ ರಕ್ತ ಇನ್ನೂ ಹೆಚ್ಚು ಹರಿಯುತ್ತದೆ. ದಾರ, ತಂತಿ ಬೇಡ, ಚರ್ಮ ಕೊಯ್ಯುತ್ತವೆ. ಕಟ್ಟಿದ ಸಮಯವನ್ನು ಹಣೆಯ ಮೇಲೆ ಪೆನ್ನಿನಿಂದ ಬರೆಯಬೇಕು, ಬಿಚ್ಚುವುದು ವೈದ್ಯರ ಕೆಲಸ. ತೊಡೆಸಂದಿನ ಗಾಯಕ್ಕೆ ಕಟ್ಟಲಾಗದು. ಬಟ್ಟೆಯನ್ನು ಗಾಯದ ಒಳಗೇ ತುಂಬಿ ಒತ್ತಬೇಕು.

ನಡೆಯಬಲ್ಲ ಗಾಯಾಳುಗಳು ಆಟೊ ಹತ್ತಿ ಹತ್ತಿರದ ಆಸ್ಪತ್ರೆಯನ್ನೇ ಮೊದಲು ತುಂಬುತ್ತಾರೆ. ಸಾವಿನಂಚಿನವರು ಆಮೇಲೆ ಬಂದಾಗ ಮಂಚವಿರುವುದಿಲ್ಲ. ಜಿಲ್ಲಾ ಆಸ್ಪತ್ರೆಯೊಂದನ್ನೇ ನೆಚ್ಚದೆ, ನಗರದ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿಗೂ ಯಾರನ್ನು ಕಳಿಸಬೇಕೆಂದು ಸ್ಥಳದಲ್ಲೇ ಕೆಂಪು (ತಕ್ಷಣ ಚಿಕಿತ್ಸೆ ಬೇಕಾದವರು), ಹಳದಿ (ಸ್ವಲ್ಪ ಕಾಯಬಲ್ಲವರು), ಹಸಿರು (ನಡೆಯಬಲ್ಲವರು) ಪಟ್ಟಿ ಕಟ್ಟಿ ವಿಂಗಡಿಸುವವರು ಬೇಕು.

ಇವೆಲ್ಲ ಕೆಲಸಕ್ಕೆ ಬರುತ್ತವೆಯೇ ಎಂದು ತಿಳಿಯಲು ಅಣಕು ಕಾರ್ಯಾಚರಣೆ ಒಂದೇ ದಾರಿ. ಅದನ್ನೂ ಮುನ್ಸೂಚನೆ ಕೊಟ್ಟು ಬೆಳಗ್ಗೆ ಹನ್ನೊಂದಕ್ಕೆ ಮಾಡಿ ಪ್ರಯೋಜನವಿಲ್ಲ. ಸಂಜೆ ಆರರ ಬೆಂಗಳೂರು ಬಸ್ಸುಗಳ ದಟ್ಟಣೆಯಲ್ಲಿ ಮಾಡಿ, ಗಡಿಯಾರ ಹಿಡಿದು ನೋಡಬೇಕು: ನಿಲ್ದಾಣ ಖಾಲಿಯಾಗಲು ಎಷ್ಟು ನಿಮಿಷ, ಹಿಂಬದಿ ಗೇಟಿಗೆ ಬೀಗ ಇತ್ತೇ, ಅದರ ಕೀ ಆ ಹೊತ್ತಿನಲ್ಲಿ ಯಾರ ಜೇಬಿನಲ್ಲಿತ್ತು.