ಹವ್ಯಾಸದ ಹಾರಾಟದಿಂದ ಎಟಿಪಿಎಲ್‌ವರೆಗೆ: ಜೊತೆಗೆ ಕಲಿಯುತ್ತಿರುವವರಿಗೆ ಟಿಪ್ಪಣಿ

ವಿಮಾನ ಹಾರಿಸಲು ಕಲಿಯುವುದು ಏರ್‌ಲೈನ್ ನೌಕರಿಗೆ ಮಾತ್ರ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದಕ್ಕೇ ಪಿಪಿಎಲ್ ಅನ್ನು, ಅಂದರೆ ಖಾಸಗಿ ಪೈಲಟ್ ಲೈಸೆನ್ಸನ್ನು, ಬಿಟ್ಟು ನೇರ ಸಿಪಿಎಲ್‌ಗೆ, ಅಂದರೆ ಸಂಬಳಕ್ಕೆ ಹಾರಿಸಲು ಬೇಕಾದ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ, ಹೋಗಿ ಎಂದು ಹಲವರು ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಖುಷಿಗಾಗಿ ಹಾರಿದ ಗಂಟೆಗಳೂ ಮುಂದಿನ ಲೈಸೆನ್ಸಿನ ಲೆಕ್ಕಕ್ಕೆ ಬರುತ್ತವೆ. ಹೇಗೆ ಎಂಬುದನ್ನು, ಏರ್‌ಲೈನ್ ಕ್ಯಾಪ್ಟನ್‌ಗೆ ಬೇಕಾದ ಎಟಿಪಿಎಲ್ ಲೈಸೆನ್ಸಿನವರೆಗೆ, ಇಲ್ಲಿ ಬಿಡಿಸಿ ಹೇಳುತ್ತೇನೆ.

ನಮ್ಮ ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯ ನಿಯಮದಲ್ಲಿ ಮೊದಲು ಬರುವುದು ಎಸ್‌ಪಿಎಲ್, ವಿದ್ಯಾರ್ಥಿ ಲೈಸೆನ್ಸ್. 16 ವರ್ಷ ತುಂಬಿ, ಹತ್ತನೇ ತರಗತಿ ಪಾಸಾಗಿದ್ದರೆ ಸಾಕು. ಇನ್‌ಸ್ಟ್ರಕ್ಟರ್ ಒಪ್ಪಿಗೆ ಕೊಟ್ಟಾಗ ಒಬ್ಬರೇ ಹಾರಬಹುದು, ಪ್ರಯಾಣಿಕರನ್ನು ಕೂರಿಸಿಕೊಳ್ಳುವಂತಿಲ್ಲ. 17ಕ್ಕೆ ಪಿಪಿಎಲ್: ಕನಿಷ್ಠ 40 ಗಂಟೆಯ ಹಾರಾಟ, ಅದರಲ್ಲಿ 5 ಗಂಟೆ ಒಬ್ಬರೇ ಮಾಡಿದ ಕ್ರಾಸ್ ಕಂಟ್ರಿ, ಅಂದರೆ ಒಂದು ಊರಿನಿಂದ ಇನ್ನೊಂದಕ್ಕೆ ದಾರಿ ಹುಡುಕಿಕೊಂಡು ಹಾರುವುದು. ಅದರೊಳಗೆ ಒಂದು ಹಾರಾಟ 150 ನಾಟಿಕಲ್ ಮೈಲಿಗೆ ಕಡಿಮೆಯಿಲ್ಲದೆ, ಬೇರೆ ಬೇರೆ ಎರಡು ವಿಮಾನ ನಿಲ್ದಾಣಗಳಲ್ಲಿ ಪೂರ್ತಿ ಇಳಿದು ನಿಂತದ್ದಾಗಿರಬೇಕು. ಪಿಪಿಎಲ್ ಬಂದ ಮೇಲೆ ಅಣ್ಣನನ್ನೋ ಗೆಳತಿಯನ್ನೋ ಕರೆದೊಯ್ಯಬಹುದು, ಆದರೆ ಹಾರಿಸಿದ್ದಕ್ಕೆ ಸಂಭಾವನೆ ಪಡೆಯುವಂತಿಲ್ಲ.

ಈಗ ಸಿಪಿಎಲ್ ನೋಡಿ. ವಯಸ್ಸು 18, ಒಟ್ಟು 200 ಗಂಟೆ. ಅದರಲ್ಲಿ 100 ಗಂಟೆ ಪಿಐಸಿ, ಅಂದರೆ ವಿಮಾನದ ಪೂರ್ಣ ಹೊಣೆ ನಿಮ್ಮದೇ ಆಗಿದ್ದ ಗಂಟೆ. ಜೊತೆಗೆ 300 ನಾಟಿಕಲ್ ಮೈಲಿಯ ಒಂದು ಕ್ರಾಸ್ ಕಂಟ್ರಿ, ಉಪಕರಣ ನೋಡಿ ಹಾರಿದ 10 ಗಂಟೆ, 5 ಗಂಟೆ ರಾತ್ರಿ ಹಾರಾಟ. ಹವ್ಯಾಸಿಗಳಿಗೆ ಅನುಕೂಲವಾಗುವುದು ಆ ಪಿಐಸಿ ಕಾಲಂನಲ್ಲೇ. ಪಿಪಿಎಲ್ ಪಡೆದವರು ಭಾನುವಾರದ ಬೆಳಿಗ್ಗೆ ಹವ್ಯಾಸಕ್ಕೆಂದು ಹಾರಿದ ಗಂಟೆಯೂ ಅಲ್ಲಿ ಸೇರುತ್ತದೆ. ಹಾಗಾಗಿ ಲಾಗ್‌ಬುಕ್‌ನಲ್ಲಿ ಡ್ಯುಯಲ್ (ಇನ್‌ಸ್ಟ್ರಕ್ಟರ್ ಜೊತೆ ಕಲಿಯುತ್ತಾ ಹಾರಿದ) ಮತ್ತು ಪಿಐಸಿ ಗಂಟೆಗಳನ್ನು ಮೊದಲ ದಿನದಿಂದಲೇ ಬೇರೆ ಬೇರೆಯಾಗಿ, ತಪ್ಪಿಲ್ಲದೆ ಬರೆಯಿರಿ. ಸಿಪಿಎಲ್ ಆಸೆ ಸ್ವಲ್ಪವಾದರೂ ಇದ್ದರೆ ಹಣ ಕಟ್ಟುವ ಮುಂಚೆಯೇ ಕ್ಲಾಸ್ 2, ಆಮೇಲೆ ಸಿಪಿಎಲ್‌ಗೆ ಬೇಕಾದ, ಇನ್ನೂ ಕಟ್ಟುನಿಟ್ಟಾದ ಕ್ಲಾಸ್ 1 ವೈದ್ಯಕೀಯ ಪರೀಕ್ಷೆ ಮುಗಿಸಿಬಿಡಿ.

ಡಿಜಿಸಿಎ ಲಿಖಿತ ಪರೀಕ್ಷೆಗಳಲ್ಲಿ ಪಾಸಾಗಲು ಶೇ 70 ಅಂಕ ಬೇಕು. ಸೂತ್ರ ಉರುಹೊಡೆದರೂ ಆ ಅಂಕ ಬಂದೀತು, ಆದರೆ ರನ್‌ವೇ ಮೇಲೆ ಅದು ಸಾಲದು. ಉದಾಹರಣೆಗೆ ಡೆನ್ಸಿಟಿ ಆಲ್ಟಿಟ್ಯೂಡ್, ಅಂದರೆ ಗಾಳಿ ಎಷ್ಟು ತೆಳುವಾಗಿದೆ ಎಂಬ ಲೆಕ್ಕದಲ್ಲಿ ವಿಮಾನದ ಪಾಲಿಗಿರುವ ಎತ್ತರ, ತೆಗೆದುಕೊಳ್ಳಿ. ಬೆಂಗಳೂರಿನ ಜಕ್ಕೂರು ಏರೋಡ್ರೋಮ್ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಪ್ರೆಷರ್ ಆಲ್ಟಿಟ್ಯೂಡ್ (ಗಾಳಿಯ ಒತ್ತಡದಿಂದ ಲೆಕ್ಕ ಹಾಕಿದ ಎತ್ತರ) ಕೂಡ ಅಷ್ಟೇ ಎಂದಿಟ್ಟುಕೊಳ್ಳೋಣ. ಪ್ರಮಾಣಿತ ವಾತಾವರಣದಲ್ಲಿ ಸಮುದ್ರಮಟ್ಟದ ಉಷ್ಣಾಂಶ 15 ಡಿಗ್ರಿ, ಪ್ರತಿ ಸಾವಿರ ಅಡಿಗೆ ಸುಮಾರು 2 ಡಿಗ್ರಿ ಇಳಿಕೆ. ಹಾಗಾದರೆ ಅಲ್ಲಿ ಇರಬೇಕಾದದ್ದು 9 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 33 ಡಿಗ್ರಿ ಇದ್ದರೆ ವ್ಯತ್ಯಾಸ 24. ಡಿಗ್ರಿಗೆ 120 ಅಡಿಯಂತೆ 2,880 ಅಡಿ ಕೂಡಿಸಿ: 5,880 ಅಡಿ. ನಿಂತಿರುವುದು ಜಕ್ಕೂರಿನಲ್ಲೇ ಆದರೂ ವಿಮಾನದ ಮಟ್ಟಿಗೆ ಅದು ಸುಮಾರು 6,000 ಅಡಿಯ ತೆಳು ಗಾಳಿ. ಎಂಜಿನ್ ಶಕ್ತಿ ಕಡಿಮೆ, ಪ್ರೊಪೆಲ್ಲರ್ ಎಳೆತ ಕಡಿಮೆ. ಏರ್‌ಸ್ಪೀಡ್ ಇಂಡಿಕೇಟರ್ ಮಾತ್ರ ಎಂದಿನ ವೇಗದಲ್ಲೇ ಮೂಗೆತ್ತು ಎನ್ನುತ್ತದೆ, ಆದರೆ ಆ ಹೊತ್ತಿಗೆ ನೆಲದ ಮೇಲಿನ ನಿಜವಾದ ವೇಗ ಹೆಚ್ಚಿರುತ್ತದೆ, ಓಡಿದ ರನ್‌ವೇಯೂ ಹೆಚ್ಚು. ಮೇಲೇರುವುದೂ ನಿಧಾನ. ಬೆಳಿಗ್ಗೆ ಇಬ್ಬರೊಂದಿಗೆ ಸಲೀಸಾಗಿ ಏರಿದ ಸೆಸ್ನಾ 172, ಮಧ್ಯಾಹ್ನ ನಾಲ್ವರು ಮತ್ತು ಪೂರ್ತಿ ಇಂಧನದೊಂದಿಗೆ ಏರೀತು ಎಂದು ಭಾವಿಸಬಾರದು. ವಿಮಾನದ ಕೈಪಿಡಿಯ ಟೇಕಾಫ್ ಕೋಷ್ಟಕವನ್ನು ಪ್ರತಿ ಸಲವೂ ತೆರೆಯಬೇಕು.

ನ್ಯಾವಿಗೇಷನ್‌ಗೆ ಅರವತ್ತಕ್ಕೊಂದರ ನಿಯಮ ಚೆನ್ನಾಗಿ ಅಭ್ಯಾಸವಾಗಲಿ: 60 ಮೈಲಿ ಹಾರಿದಾಗ 1 ಮೈಲಿ ಪಕ್ಕಕ್ಕೆ ಸರಿದಿದ್ದರೆ ತಪ್ಪು 1 ಡಿಗ್ರಿ. 30 ಮೈಲಿಗೇ 3 ಮೈಲಿ ಸರಿದಿದ್ದರೆ 6 ಡಿಗ್ರಿ. ಇನ್ನು 60 ಮೈಲಿ ಬಾಕಿಯಿದ್ದರೆ ಗುರಿ ಸೇರಲು ಮತ್ತೆ 3 ಡಿಗ್ರಿ ಬೇಕು, ಒಟ್ಟು 9 ಡಿಗ್ರಿ ತಿರುಗಿಸಿ. ಕಾಗದದ ಮೇಲೆ ಇದು ಸುಲಭ. ಕಿವಿಯಲ್ಲಿ ರೇಡಿಯೊ ಮಾತಾಡುತ್ತಿರುವಾಗಲೂ ಬಾಯಿಲೆಕ್ಕದಲ್ಲಿ ಬರುವಂತಾಗಬೇಕು.

ಎಟಿಪಿಎಲ್‌ಗೆ 21 ವರ್ಷ, 1,500 ಗಂಟೆ. ಏರ್‌ಲೈನಿನಲ್ಲಿ ಸಿಪಿಎಲ್ ಜೊತೆ ಇನ್‌ಸ್ಟ್ರುಮೆಂಟ್, ಮಲ್ಟಿ ಎಂಜಿನ್ ಮತ್ತು ಟೈಪ್ ರೇಟಿಂಗ್ (ಕ್ರಮವಾಗಿ ಉಪಕರಣ ನೋಡಿ ಹಾರಲು, ಒಂದಕ್ಕಿಂತ ಹೆಚ್ಚು ಎಂಜಿನ್ನಿನ ವಿಮಾನಕ್ಕೆ, ಆಯಾ ಮಾದರಿಯ ವಿಮಾನಕ್ಕೆ ಬೇಕಾದ ಅರ್ಹತೆ) ಇದ್ದರೆ ಸಹ ಪೈಲಟ್ ಆಗಬಹುದು, ಕ್ಯಾಪ್ಟನ್ ಆಗಲು ಎಟಿಪಿಎಲ್ ಬೇಕೇ ಬೇಕು. ಹೆಚ್ಚಿನವರಿಗೆ ಆ ಗಂಟೆಗಳು ತುಂಬುವುದು ಕೆಲಸಕ್ಕೆ ಸೇರಿದ ಮೇಲೆ.