ನರ ಅಂದರೆ ದಾರವೇ, ಕೊಳವೆಯೇ, ತಂತಿಯೇ?

ರಕ್ತ ಪರೀಕ್ಷೆಗೆ ಕೈ ಚಾಚಿದರೆ ನರ್ಸ್ "ನರ ಸಿಗ್ತಾ ಇಲ್ಲ, ಮುಷ್ಟಿ ಬಿಗಿ ಹಿಡೀರಿ" ಅನ್ನುತ್ತಾರೆ. ಅವರು ಹುಡುಕುತ್ತಿರುವುದು ರಕ್ತನಾಳ. ಕತ್ತು ಹಿಡಿದುಕೊಂಡರೆ "ನರ ಎಳೆದಿದೆ" ಅನ್ನುತ್ತೇವೆ. ನೋಯುವುದು ಹೆಚ್ಚಾಗಿ ಸ್ನಾಯು. ಈ ಗೊಂದಲ ನಮಗೆ ಮಾತ್ರ ಇದ್ದದ್ದಲ್ಲ. 'ನ್ಯೂರಾನ್' ಎಂಬ ಗ್ರೀಕ್ ಪದಕ್ಕೂ ಮೊದಲಿದ್ದ ಅರ್ಥ ಸ್ನಾಯುವನ್ನು ಎಲುಬಿಗೆ ಕಟ್ಟುವ ಗಟ್ಟಿ ಹುರಿ ಎಂದೇ. ಕೊಯ್ದು ನೋಡಿದರೆ ಆ ಹುರಿ, ನರ ಎರಡೂ ಬೆಳ್ಳಗಿನ ದಾರಗಳೇ, ಅಲ್ವಾ?

ಕ್ರಿ.ಪೂ. 300ರ ಸುಮಾರಿಗೆ ಅಲೆಕ್ಸಾಂಡ್ರಿಯದ ವೈದ್ಯ ಹೆರೋಫಿಲಸ್ ಹೆಣಗಳನ್ನು ಕೊಯ್ದು ನರಗಳನ್ನು ಬೇರೆಯಾಗಿ ಗುರುತಿಸಿದ. ಮುಂದೆ ರೋಮ್‌ನಲ್ಲಿ ವೈದ್ಯ ಗೇಲನ್ ಕಿರುಚುತ್ತಿದ್ದ ಹಂದಿಯ ಗಂಟಲಿನ ಸಣ್ಣ ನರವನ್ನು ಕತ್ತರಿಸಿದ. ಹಂದಿ ಒದ್ದಾಡುತ್ತಲೇ ಇತ್ತು, ದನಿ ಮಾತ್ರ ನಿಂತುಹೋಯಿತು. ಆದರೆ ನರವೆಂದರೆ ಒಳಗೆ ಪ್ರಾಣಶಕ್ತಿ ಹರಿಯುವ ಕೊಳವೆ ಎಂದೇ ಅವನು ನಂಬಿದ್ದ. ಆ ನಂಬಿಕೆ ನೂರಾರು ವರ್ಷ ಉಳಿಯಿತು.

1791ರಲ್ಲಿ ಇಟಲಿಯ ವೈದ್ಯ ಗ್ಯಾಲ್ವಾನಿ ಸತ್ತ ಕಪ್ಪೆಯ ಕಾಲು ವಿದ್ಯುತ್ತಿಗೆ ಅದುರುವುದನ್ನು ಪ್ರಕಟಿಸಿದ ಮೇಲೆ ಕೊಳವೆ ಹೋಗಿ ತಂತಿ ಬಂತು. 1850ರಲ್ಲಿ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಸುದ್ದಿಯ ವೇಗ ಅಳೆದರು: ಸೆಕೆಂಡಿಗೆ ಸುಮಾರು 27 ಮೀಟರ್. ಹೆದ್ದಾರಿಯಲ್ಲಿ ಓಡುವ ಕಾರಿನಷ್ಟೇ. ಬರೀ ತಂತಿಯಾಗಿದ್ದರೆ ಇಷ್ಟು ನಿಧಾನ ಯಾಕೆ?

ಅಷ್ಟು ಹೊತ್ತಿಗೆ ಒಟ್ಟು ನಕ್ಷೆ ಗೊತ್ತಿತ್ತು. ಮೇಲೆ ಮಿದುಳು, ಅಲ್ಲಿಂದ ಇಳಿಯುವ ಬೆನ್ನುಹುರಿ, ಅದರ ಎಡಬಲಕ್ಕೆ 31 ಜೊತೆ ನರಗಳು. ಬಿಸಿ ಹಂಚು ತಾಗಿದರೆ ಬೆನ್ನುಹುರಿಯೇ ಕೈಯನ್ನು ಹಿಂದಕ್ಕೆ ಎಳೆಸಿಬಿಡುತ್ತದೆ. "ಅಯ್ಯೋ, ಸುಡ್ತು" ಎಂದು ಮಿದುಳಿಗೆ ತಿಳಿಯುವುದು ಆಮೇಲೆ. ಆದರೆ ಇದೆಲ್ಲ ಒಳಗೆ ಹೇಗೆ ಹೆಣೆದುಕೊಂಡಿದೆ ಎಂಬುದು ಕತ್ತಲಲ್ಲೇ ಇತ್ತು.

1873ರಲ್ಲಿ ಇಟಲಿಯ ಕಮಿಲ್ಲೊ ಗಾಲ್ಜಿ, ಅಡುಗೆಮನೆಯೊಂದನ್ನೇ ಪ್ರಯೋಗಾಲಯ ಮಾಡಿಕೊಂಡು, ಮಿದುಳಿನ ಚೂರುಗಳಿಗೆ ಬೆಳ್ಳಿಯ ಲವಣದಿಂದ ಬಣ್ಣ ಕೊಡುವ ವಿಧಾನ ಕಂಡುಕೊಂಡರು. ನೂರಾರು ಕೋಶಗಳಲ್ಲಿ ಕೆಲವೇ ಕೆಲವು ಕಪ್ಪಾದವು. ಅದೇ ಅದೃಷ್ಟ. ಎಲ್ಲವೂ ಕಪ್ಪಾಗಿದ್ದರೆ ಬರೀ ಮಸಿ ಕಾಣುತ್ತಿತ್ತು. ಈಗ ಒಂದೊಂದು ಕೋಶವೂ ಎಲೆ ಉದುರಿದ ಮರದ ಹಾಗೆ, ಕೊಂಬೆ ಬೇರುಗಳ ಸಮೇತ ಕಂಡಿತು.

ಗಾಲ್ಜಿಗೆ ಅದು ಎಲ್ಲೂ ಕಡಿಯದ ಒಂದೇ ಬಲೆ. ಅದೇ ಬಣ್ಣ ಬಳಸಿದ ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್‌ಗೆ ಬೇರೆಯೇ ಕಂಡಿತು. ಚಿಕ್ಕಂದಿನಲ್ಲಿ ಚಿತ್ರಗಾರನಾಗಬೇಕೆಂದಿದ್ದವರು ಅವರು. ನೋಡಿದ್ದನ್ನು ಎಳೆ ಎಳೆಯಾಗಿ ಬಿಡಿಸಿದರು. ಪ್ರತಿ ಕೋಶವೂ ಬಿಡಿ, ಒಂದಕ್ಕೊಂದು ಹತ್ತಿರ ಬರುತ್ತದೆ, ಆದರೆ ಬೆಸೆದುಕೊಳ್ಳುವುದಿಲ್ಲ ಎಂದು 1888ರಲ್ಲಿ ಬರೆದರು. 1906ರಲ್ಲಿ ಇಬ್ಬರಿಗೂ ಒಟ್ಟಿಗೆ ನೊಬೆಲ್ ಬಂತು. ಗಾಲ್ಜಿ ತಮ್ಮ ನೊಬೆಲ್ ಭಾಷಣದಲ್ಲೇ ಕಹಾಲ್ ವಾದವನ್ನು ಖಂಡಿಸಿದರು. ಆದರೆ 1950ರ ದಶಕದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕೋಶಗಳ ನಡುವಿನ ಸಂದು ಕಂಡೇಬಿಟ್ಟಿತು.

ಸಂದಿದ್ದರೆ ಸುದ್ದಿ ದಾಟುವುದು ಹೇಗೆ? 1921ರಲ್ಲಿ ವಿಜ್ಞಾನಿ ಆಟೊ ಲೋವಿ ನಡುರಾತ್ರಿ ಎದ್ದು ಹೊಳೆದದ್ದನ್ನು ಗೀಚಿಕೊಂಡರು. ಬೆಳಿಗ್ಗೆ ತಮ್ಮ ಅಕ್ಷರವೇ ಓದಲಾಗಲಿಲ್ಲ. ಮರುರಾತ್ರಿ ಅದೇ ಮತ್ತೆ ಹೊಳೆದಾಗ ನೇರ ಪ್ರಯೋಗಾಲಯಕ್ಕೆ ಹೋದರು. ಒಂದು ಕಪ್ಪೆಯ ಹೃದಯದ ನರವನ್ನು ಕೆರಳಿಸಿ ಬಡಿತ ನಿಧಾನ ಮಾಡಿದರು. ಅದು ನೆನೆದಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದರು. ನರವೇ ತಾಗದ ಆ ಹೃದಯವೂ ನಿಧಾನವಾಯಿತು! ನರದ ತುದಿಯಲ್ಲಿ ಒಂದು ರಾಸಾಯನಿಕ ಹೊರಬರುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಅದರ ಹೆಸರು ಅಸಿಟೈಲ್‌ಕೋಲಿನ್.

ಈ ಸಂದು ಎಷ್ಟು ದೊಡ್ಡ ವಿಷಯ ಎಂದು ನಮ್ಮ ಹೊಲಗದ್ದೆಯವರಿಗೆ ಹೇಳಬೇಕು ಅನ್ನಿಸುತ್ತದೆ. ನಾಗರಹಾವಿನ ವಿಷ ಸ್ನಾಯುವಿನ ಕಡೆ ಅಸಿಟೈಲ್‌ಕೋಲಿನ್ ಕೂರಬೇಕಾದ ಜಾಗವನ್ನೇ ಹಿಡಿದುಬಿಡುತ್ತದೆ. ನರ ಸರಿಯಾಗಿದೆ, ಸ್ನಾಯು ಸರಿಯಾಗಿದೆ, ನಡುವಿನ ದಾಟು ಮಾತ್ರ ಬಂದ್. ಮೊದಲು ರೆಪ್ಪೆ ಜೋಲುತ್ತದೆ, ಕೊನೆಗೆ ಎದೆ ಏಳುವುದೇ ನಿಲ್ಲುತ್ತದೆ. ಕಣ್ಣು ಬಿಡಲಾರದೆ ಮಲಗಿದವರಿಗೆ ಪಕ್ಕದವರ ಮಾತು ಕೇಳಿಸುತ್ತಿರಬಹುದು. ಮಂತ್ರ, ಬೇರು ಎಂದು ಹೊತ್ತು ಕಳೆಯದೆ ತಕ್ಷಣ ಆಸ್ಪತ್ರೆಗೆ ತಂದು, ವಿಷನಿರೋಧಕ ಕೊಟ್ಟು, ಉಸಿರಾಟವನ್ನು ಯಂತ್ರಕ್ಕೆ ಒಪ್ಪಿಸಿ ಕಾದರೆ ಆ ದಾಟು ಮತ್ತೆ ತೆರೆದುಕೊಳ್ಳಬಲ್ಲದು.