ಸಾವಿರಾರು ಕಥೆಗಳ ನಡುವೆ ನನ್ನ ಕಥೆ ಎಲ್ಲಿದೆ?

ಪ್ರಶ್ನೆ: ವಾರಪತ್ರಿಕೆಯ ಕಥೆ, ಧಾರಾವಾಹಿಗಳನ್ನು ಓದುತ್ತಾ ಬೆಳೆದವಳು ನಾನು. ಈಗ ನಮ್ಮ ಊರಿನ ಅಂಗಡಿಗೆ ಪತ್ರಿಕೆಗಳು ಸರಿಯಾಗಿ ಬರುವುದಿಲ್ಲ. ಮಗಳು ಮೊಬೈಲಿಗೆ ಕಥೆಗಳ ಆಪ್ ಹಾಕಿಕೊಟ್ಟಿದ್ದಾಳೆ. ತೆರೆದರೆ ಸಾವಿರಾರು ಕಥೆ. ಐದಾರು ಓದಿದೆ, ಒಂದೂ ಮನಸ್ಸಿನಲ್ಲಿ ನಿಲ್ಲಲಿಲ್ಲ. ಅಂತರ್ಜಾಲದಲ್ಲಿ ನಿಜಕ್ಕೂ ಒಳ್ಳೆಯ ಕಥೆಗಳಿವೆಯೇ? ಇದ್ದರೆ ಹುಡುಕುವುದು ಹೇಗೆ?

ಇವೆ, ಧಾರಾಳವಾಗಿ ಇವೆ. ಆದರೆ ನಿಮ್ಮ ಕೈಗೆ ಮೊದಲು ಸಿಕ್ಕಿದ್ದು ಹೆಚ್ಚು ಜನ ತೆರೆದು ನೋಡಿದ ಕಥೆಗಳು. ನಿಮಗೆ ಬೇಕಿದ್ದದ್ದು ಯಾರೋ ಒಬ್ಬರು ಮನಸ್ಸಿಟ್ಟು ಓದಿ, ಇದನ್ನು ಇನ್ನೊಬ್ಬರಿಗೆ ಕೊಡಬಹುದು ಎಂದು ಎತ್ತಿಟ್ಟ ಕಥೆ. ಇವೆರಡರ ನಡುವಿನ ವ್ಯತ್ಯಾಸ ತಿಳಿದರೆ ಹುಡುಕಾಟ ಅರ್ಧ ಮುಗಿದಂತೆ.

ವಾರಪತ್ರಿಕೆಯ ಕಾಲದಲ್ಲಿ ನೀವು ಕಥೆಯನ್ನು ಹುಡುಕುತ್ತಿರಲಿಲ್ಲ, ಕಥೆಯೇ ಮನೆಗೆ ಬರುತ್ತಿತ್ತು. 1965ರಲ್ಲಿ ಶುರುವಾದ ‘ಸುಧಾ’ ಇರಲಿ, 1983ರಲ್ಲಿ ಬಂದ ‘ತರಂಗ’ ಇರಲಿ, ಅಂಚೆಯಲ್ಲಿ ಬಂದ ಹಸ್ತಪ್ರತಿಗಳ ಕಟ್ಟು ಬಿಚ್ಚಿ ಓದುವವರೊಬ್ಬರು ಕಚೇರಿಯಲ್ಲಿ ಕುಳಿತಿರುತ್ತಿದ್ದರು. ಬಹಳಷ್ಟು ಕಥೆಗಳು ವಿಷಾದಪತ್ರ ಹೊತ್ತು ಬರೆದವರ ಮನೆಗೆ ಮರಳುತ್ತಿದ್ದವು. ನಾವು ಓದುತ್ತಿದ್ದದ್ದು ಉಳಿದ ಒಂದೋ ಎರಡೋ ಕಥೆಗಳನ್ನು. ಅಂತರ್ಜಾಲದಲ್ಲಿ ವಿಷಾದಪತ್ರ ಇಲ್ಲ. ಬರೆದವರೆಲ್ಲರೂ ಪ್ರಕಟಿಸಬಹುದು. ಇದು ಒಳ್ಳೆಯದೇ. ಪತ್ರಿಕೆಯ ಬಾಗಿಲಲ್ಲೇ ನಿಂತುಹೋಗುತ್ತಿದ್ದ ಎಷ್ಟೋ ದನಿಗಳು, ಅದರಲ್ಲೂ ಮನೆಗೆಲಸ ಮುಗಿಸಿ ರಾತ್ರಿ ಮೊಬೈಲಿನಲ್ಲೇ ಬರೆಯುವ ಹೆಣ್ಣುಮಕ್ಕಳ ದನಿಗಳು, ಇವತ್ತು ನಮಗೆ ಕೇಳಿಸುತ್ತಿರುವುದು ಇದರಿಂದಲೇ. ಆದರೆ ಆ ಕಟ್ಟು ಬಿಚ್ಚುವ ಕೆಲಸ ಈಗ ಓದುಗರ ಪಾಲಿಗೆ ಬಂದಿದೆ.

ಹಾಗಾಗಿ ಮೊದಲು, ಇನ್ನೂ ಯಾರಾದರೂ ಕೂತು ಆರಿಸುತ್ತಿರುವ ಜಾಗಗಳಿಗೆ ಹೋಗಿ. ಕಥೆಗಾರ ಅಬ್ದುಲ್ ರಶೀದ್ ಕಟ್ಟಿದ ‘ಕೆಂಡಸಂಪಿಗೆ’, ಜಿ.ಎನ್. ಮೋಹನ್ ಅವರ ‘ಅವಧಿ’, ಹಳೆಯ ಮತ್ತು ಹೊಸ ಬರಹಗಳನ್ನು ಜೊತೆಗಿಟ್ಟು ಕೊಡುವ ‘ಋತುಮಾನ’, ಈ ಮೂರು ಜಾಲತಾಣ ಸಾಕು ಶುರು ಮಾಡುವುದಕ್ಕೆ. ಪತ್ರಿಕೆಗಳ ಭಾನುವಾರದ ಪುರವಣಿಯ ಕಥೆಗಳನ್ನೂ ಅವುಗಳ ಜಾಲತಾಣಗಳಲ್ಲಿ ಓದಬಹುದು, ಊರಿಗೆ ಪತ್ರಿಕೆ ಬರದಿದ್ದರೂ. ಒಂದು ಕಥೆ ಹಿಡಿಸಿತೋ, ಆ ಹೆಸರನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಆಮೇಲೆ ಆ ಲೇಖಕರ ಬೇರೆ ಕಥೆಗಳನ್ನು ಹುಡುಕಿ. ಕಥೆಯಿಂದ ಕಥೆಗೆ ಹಾರುವುದಕ್ಕಿಂತ ಒಬ್ಬ ಕಥೆಗಾರರನ್ನು ಹಿಡಿದು ಹೋಗುವುದು ನನ್ನ ಅನುಭವದಲ್ಲಿ ಎಷ್ಟೋ ಪಾಲು ಮೇಲು. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆ, ಹೊಸ ಕಥೆಗಾರರ ಮೊದಲ ಸಂಕಲನಕ್ಕೆ ಕೊಡುವ ಛಂದ ಪುಸ್ತಕ ಬಹುಮಾನ, ಇಂಥವುಗಳ ಫಲಿತಾಂಶ ಬಂದಾಗ ಬಹುಮಾನಿತರ ಹೆಸರುಗಳನ್ನು ಹುಡುಕಿ ನೋಡಿ. ಆ ಲೇಖಕರ ಒಂದೆರಡು ಕಥೆಗಳಾದರೂ ಎಲ್ಲೋ ಒಂದು ಕಡೆ ಉಚಿತವಾಗಿ ಓದಲು ಸಿಗುವುದೇ ಹೆಚ್ಚು.

ಹುಡುಕುವುದು ಎಂದೆನಲ್ಲ, ಅದರಲ್ಲಿ ಕನ್ನಡಕ್ಕೇ ಮೀಸಲಾದ ಕೆಲವು ತೊಡಕುಗಳಿವೆ. ಅವನ್ನು ಯಾರೂ ಹೇಳಿಕೊಡುವುದಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ. ನಮ್ಮಲ್ಲಿ ‘ಕಥೆ’ ಎಂದು ಬರೆಯುವವರೂ ಇದ್ದಾರೆ, ‘ಕತೆ’ ಎಂದು ಬರೆಯುವವರೂ ಇದ್ದಾರೆ. ಒಂದನ್ನು ಹಾಕಿದರೆ ಇನ್ನೊಂದು ಸಿಗದೇ ಹೋಗಬಹುದು, ಆದ್ದರಿಂದ ಎರಡನ್ನೂ ಹಾಕಿ ನೋಡಬೇಕು. ಹೆಸರುಗಳೂ ಹಾಗೆಯೇ: ‘ಮೋಹನ್’ ಒಂದು ಕಡೆ, ‘ಮೋಹನ’ ಇನ್ನೊಂದು ಕಡೆ. ಧಾರಾವಾಹಿಯ ಕಂತು ಹುಡುಕುವಾಗ ‘ಭಾಗ 7’ ಸಿಗದಿದ್ದರೆ ‘ಭಾಗ ೭’ ಎಂದು ಕನ್ನಡ ಅಂಕಿಯಲ್ಲಿ ಹಾಕಿ. ಅರ್ಕಾವತ್ತು ಇರುವ ಪದಗಳಂತೂ ಇನ್ನೂ ಕಷ್ಟ. ‘ಸೂರ್ಯ’ ಎಂಬ ಪದವನ್ನೇ ಎರಡು ರೀತಿಯಲ್ಲಿ ಟೈಪ್ ಮಾಡಬಹುದು. ನಮ್ಮ ಕಣ್ಣಿಗೆ ಎರಡೂ ಒಂದೇ ಪದ, ಯಂತ್ರಕ್ಕೆ ಬೇರೆ ಬೇರೆ. ಶೀರ್ಷಿಕೆಯಲ್ಲಿ ಅಂಥ ಪದವಿದ್ದರೆ ಅದನ್ನು ಬಿಟ್ಟು ಉಳಿದ ಪದಗಳಿಂದ ಹುಡುಕಿ. ಹಳೆಯ ಜಾಲತಾಣವೊಂದನ್ನು ತೆರೆದಾಗ ಇಂಗ್ಲಿಷ್ ಅಕ್ಷರ, ಚುಕ್ಕಿ, ಗೀಟುಗಳ ಗೋಜಲು ಕಂಡರೆ ಹೆದರಬೇಡಿ. ಅದು ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ, ಯೂನಿಕೋಡ್, ಬಳಕೆಗೆ ಬರುವ ಮುಂಚಿನ ಫಾಂಟಿನಲ್ಲಿ ಬರೆದ ಕನ್ನಡ. ಅದನ್ನು ಈಗಿನ ಅಕ್ಷರಕ್ಕೆ ತಿರುಗಿಸಿಕೊಡುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಅಂಟಿಸಿ ಒತ್ತಿದರೆ ಕಥೆ ಕಣ್ಣು ಬಿಡುತ್ತದೆ. ಪುಟವೇ ಮಾಯವಾಗಿದ್ದರೆ, ಹಳೆಯ ಜಾಲಪುಟಗಳ ನಕಲುಗಳನ್ನು ಕಾಪಿಡುವ ಇಂಟರ್ನೆಟ್ ಆರ್ಕೈವ್‌ನವರ ವೇಬ್ಯಾಕ್ ಮಷೀನ್‌ನಲ್ಲಿ ಆ ಹಳೆಯ ವಿಳಾಸವನ್ನು ಹಾಕಿ ನೋಡಿ. ಮುಚ್ಚಿಹೋದ ತಾಣಗಳಲ್ಲಿದ್ದ ಕೆಲವು ಕಥೆಗಳು ನನಗೆ ಅಲ್ಲಿ ಸಿಕ್ಕಿವೆ.

ನೀವು ಹಳೆಯ ಕಥೆಗಳ ರುಚಿ ಹತ್ತಿದವರು. ನಿಮಗಾಗಿ ಇನ್ನೊಂದು ಬಾಗಿಲು ಇದೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷಗಳವರೆಗೆ ಅವರ ಬರಹಗಳಿಗೆ ಹಕ್ಕುಸ್ವಾಮ್ಯ ಇರುತ್ತದೆ. ಆಮೇಲೆ ಅವು ಎಲ್ಲರ ಸ್ವತ್ತು. ಇಪ್ಪತ್ತೇಳನೆಯ ವಯಸ್ಸಿಗೇ 1939ರಲ್ಲಿ ತೀರಿಕೊಂಡ ಕೊಡಗಿನ ಗೌರಮ್ಮ ಅವರ ಕಥೆಗಳು ಹೀಗೆ ಎಂದೋ ಮುಕ್ತವಾಗಿವೆ. 1963ರಲ್ಲಿ ನಮ್ಮನ್ನಗಲಿದ ತ್ರಿವೇಣಿ ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳು 2024ರ ಜನವರಿ 1ರಿಂದ ಮುಕ್ತ. ನಿರಂಜನರ ವಿಷಯದಲ್ಲಿ ಅವರ ಕುಟುಂಬದವರು ಅವಧಿ ಮುಗಿಯುವವರೆಗೂ ಕಾಯಲಿಲ್ಲ, 2014ರಲ್ಲೇ ಅವರ ಕೃತಿಗಳನ್ನು ಯಾರು ಬೇಕಾದರೂ ಓದಿ ಹಂಚಿಕೊಳ್ಳಬಹುದಾದ ಮುಕ್ತ ಪರವಾನಗಿಯಲ್ಲಿ ಓದುಗರಿಗೆ ಬಿಟ್ಟುಕೊಟ್ಟರು. ಎಂಥ ದೊಡ್ಡ ಮನಸ್ಸು! ಇಂಥ ಕೃತಿಗಳಿಗಾಗಿ, ಮುಕ್ತ ಬರಹಗಳನ್ನು ಕೂಡಿಡುವ ಕನ್ನಡ ವಿಕಿಸೋರ್ಸ್ ಮತ್ತು ಇಂಟರ್ನೆಟ್ ಆರ್ಕೈವ್ ನೋಡಿ. ಬೆಂಗಳೂರಿನ ‘ಸರ್ವೆಂಟ್ಸ್ ಆಫ್ ನಾಲೆಜ್’ ಬಳಗದವರು ಪುಸ್ತಕಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಆರ್ಕೈವ್‌ಗೆ ಏರಿಸುತ್ತಿದ್ದಾರೆ. ಅಲ್ಲಿ ಹಲವು ಕನ್ನಡ ಪುಸ್ತಕಗಳ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ದಾಖಲಾಗಿರುವುದರಿಂದ ಕನ್ನಡದಲ್ಲಿ ಹುಡುಕಿದರೆ ಸಿಗುವುದಿಲ್ಲ. ಈ ಕೊರತೆ ನೀಗಿಸಲೆಂದೇ ‘ಸಂಚಯ’ ತಂಡ ‘ಪುಸ್ತಕ ಸಂಚಯ’ ಎಂಬ ಹುಡುಕುತಾಣ ಕಟ್ಟಿದೆ. ಸರ್ಕಾರದ ‘ಕಣಜ’ ಜಾಲತಾಣವನ್ನೂ ಮರೆಯಬೇಡಿ. ದುಡ್ಡು ಕೊಟ್ಟು ಓದಲು ಅಥವಾ ಕೇಳಲು ತಯಾರಿದ್ದರೆ ‘ಮೈಲ್ಯಾಂಗ್’ ಇದೆ, ಇಂದಿನ ಲೇಖಕರ ಇ-ಪುಸ್ತಕ ಮತ್ತು ಧ್ವನಿಪುಸ್ತಕಗಳಿಗೆ.

ಇನ್ನು ನಿಮ್ಮ ಮಗಳು ಹಾಕಿಕೊಟ್ಟ ಆಪ್. ಅದು 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಪ್ರತಿಲಿಪಿ’ ಇರಬಹುದು, ಬೇರೆ ಯಾವುದಾದರೂ ಇರಬಹುದು. ಅದನ್ನು ತೆಗೆದುಹಾಕಬೇಡಿ. ಅದರ ಮೊದಲ ಪುಟವನ್ನು ಮಾತ್ರ ನಂಬಬೇಡಿ. ಇಂಥ ಆಪ್‌ಗಳ ಮೊದಲ ಪುಟದಲ್ಲಿ ಮೇಲೆ ಬರುವುದು ಸಾಮಾನ್ಯವಾಗಿ ದಿನಕ್ಕೊಂದು ಕಂತು ಹಾಕುವ, ನೂರಾರು ಕಂತು ಓಡುವ ಧಾರಾವಾಹಿ. ನಿಮಗೆ ಹಿಡಿಸುವ ಎಂಟು ಪುಟದ ಕಥೆ ಅಲ್ಲೇ ಎಲ್ಲೋ ಕೆಳಗೆ, ಇನ್ನೂರು ಜನ ಓದಿದ ಸಂಖ್ಯೆ ಹೊತ್ತು ಕೂತಿರುತ್ತದೆ. ಅದನ್ನು ಗುರುತಿಸುವುದಕ್ಕೆ ಓದುಗರು ಕೊಟ್ಟ ನಕ್ಷತ್ರಗಳನ್ನು ಎಣಿಸಬೇಕಾಗಿಲ್ಲ, ಮೊದಲ ಪ್ಯಾರಾ ಸಾಕು. ಉದಾಹರಣೆಗೆಂದು ನಾನೇ ಎರಡು ಆರಂಭಗಳನ್ನು ಬರೆದು ತೋರಿಸುತ್ತೇನೆ.

ಒಂದು: ‘ಅವಳ ಕಣ್ಣುಗಳಲ್ಲಿ ಸಾಗರದಷ್ಟು ನೋವು ಮಡುಗಟ್ಟಿತ್ತು. ವಿಧಿ ಅವಳ ಬಾಳಿನಲ್ಲಿ ಕ್ರೂರ ಆಟವಾಡಿತ್ತು. ಆದರೂ ಅವಳ ಮೊಗದಲ್ಲಿ ಮಾಸದ ಮುಗುಳ್ನಗೆ.’

ಇನ್ನೊಂದು: ‘ಕೈ ವಾಡಿಕೆಯಂತೆ ಎರಡು ಅರ್ಧ ಲೀಟರಿನ ಪ್ಯಾಕೆಟ್ ತೆಗೆದುಕೊಂಡಿತ್ತು. ಎರಡನೆಯದರ ಮೂಲೆ ಕತ್ತರಿಸಿದ ಮೇಲೆ ಸಾವಿತ್ರಿಗೆ ನೆನಪಾಯಿತು, ಇನ್ನು ಮೇಲೆ ಒಂದೇ ಸಾಕು ಎಂದು.’

ಮೊದಲನೆಯದರಲ್ಲಿ ನೋವು ಎಂಬ ಪದ ಇದೆ, ನೋವು ಕಾಣುವುದಿಲ್ಲ. ಎರಡನೆಯದರಲ್ಲಿ ಆ ಪದವೇ ಇಲ್ಲ. ಹಾಲಿನ ಪ್ಯಾಕೆಟ್ಟು, ಕತ್ತರಿ, ಕೈಯ ವಾಡಿಕೆ ಇಷ್ಟೇ ಇವೆ. ಆದರೂ ಆ ಮನೆಯಲ್ಲಿ ಒಂದು ಜೀವ ಕಡಿಮೆಯಾಗಿದೆ ಎಂದು ತಿಳಿಯುತ್ತದೆ, ಮುಂದೆ ಓದಬೇಕೆನಿಸುತ್ತದೆ. ಬರೆದವರಿಗೆ ತಮ್ಮ ಪಾತ್ರದ ಅಡುಗೆಮನೆ ಗೊತ್ತಿದೆಯೇ, ಅವರ ಕಸುಬು, ಅವರ ಬೀದಿ ಗೊತ್ತಿದೆಯೇ ಎಂದು ನೋಡಿ. ಗೊತ್ತಿದ್ದರೆ ಕಾಗುಣಿತದ ತಪ್ಪು ನಾಲ್ಕು ಇದ್ದರೂ ಮುಂದುವರಿಯಿರಿ. ಮೊಬೈಲಿನಲ್ಲಿ ಬೆರಳಿನಿಂದ ಬರೆದವರ ಕಥೆಯಲ್ಲಿ ಒತ್ತಕ್ಷರ ತಪ್ಪಬಹುದು, ಅದನ್ನು ತಿದ್ದಿಕೊಡಲು ಅವರಿಗೆ ಪತ್ರಿಕೆಯ ಸಂಪಾದಕರು ಇರಲಿಲ್ಲ. ಗೊತ್ತಿಲ್ಲದಿದ್ದರೆ ಲಕ್ಷ ಜನ ಓದಿದ್ದರೂ ಮುಚ್ಚಿಬಿಡಿ. ಎರಡು ಪುಟಕ್ಕೇ ಬಿಟ್ಟೆನಲ್ಲ ಎಂದು ಸಂಕೋಚ ಪಡಬೇಡಿ. ಪತ್ರಿಕಾ ಕಚೇರಿಯಲ್ಲಿ ಕಟ್ಟು ಬಿಚ್ಚುತ್ತಿದ್ದವರೂ ಹಾಗೆಯೇ ಮಾಡುತ್ತಿದ್ದರು.

ಸಿಕ್ಕ ಕಥೆಯನ್ನು ಸವಿಯುವುದು ಬೇರೆಯೇ ಮಾತು. ‘ಮನಸ್ಸಿನಲ್ಲಿ ನಿಲ್ಲಲಿಲ್ಲ’ ಎಂದು ಬರೆದಿದ್ದೀರಿ. ಅದರಲ್ಲಿ ಅರ್ಧ ಪಾಲು ಓದಿದ ರೀತಿಯದ್ದೂ ಇರಬಹುದು. ಮೊಬೈಲಿನಲ್ಲಿ ಓದುವಾಗ ಮೇಲಿಂದ ವಾಟ್ಸಾಪ್ ಸಂದೇಶ ಇಳಿಯುತ್ತದೆ, ಕೆಳಗಿನಿಂದ ಜಾಹೀರಾತು ಏರುತ್ತದೆ, ಕಥೆ ಮುಗಿಯುವ ಮೊದಲೇ ಇನ್ನೊಂದು ಕಥೆಯ ಚಿತ್ರ ಕಾಣುತ್ತದೆ. ವಾರಪತ್ರಿಕೆಗೆ ಕೊಡುತ್ತಿದ್ದ ಕುರ್ಚಿಯನ್ನು, ಮಧ್ಯಾಹ್ನದ ಹೊತ್ತನ್ನು ಈ ಕಥೆಗೂ ಕೊಡಿ. ಸೂಚನೆಗಳ ಸದ್ದು ನಿಲ್ಲಿಸಿ. ಬ್ರೌಸರಿನಲ್ಲಿ ರೀಡರ್ ಮೋಡ್ ಇದ್ದರೆ ಹಾಕಿ, ಬರೀ ಅಕ್ಷರ ಉಳಿಯುತ್ತದೆ. ಅಕ್ಷರ ದೊಡ್ಡದು ಮಾಡಿಕೊಳ್ಳಿ. ಒತ್ತಕ್ಷರ ಕಾಣದೆ ಕಣ್ಣು ಕಿರಿದು ಮಾಡಿ ಓದಿದರೆ ಯಾವ ಕಥೆಯೂ ರುಚಿಸುವುದಿಲ್ಲ. ಕಣ್ಣು ದಣಿದರೆ ಮೊಬೈಲೇ ಕನ್ನಡವನ್ನು ಓದಿ ಹೇಳುತ್ತದೆ. ದನಿ ಕೊಂಚ ಯಾಂತ್ರಿಕ, ರೂಢಿಯಾಗುತ್ತದೆ.

ಧಾರಾವಾಹಿಯಾದರೆ ನನ್ನದೊಂದು ಕೋರಿಕೆ: ನಲವತ್ತು ಕಂತು ಸಿಕ್ಕಿತೆಂದು ಒಂದೇ ರಾತ್ರಿಯಲ್ಲಿ ಓದಿ ಮುಗಿಸಬೇಡಿ. ನಮ್ಮ ಅಜ್ಜಿ ಹೊಲಿದಿಟ್ಟ ಧಾರಾವಾಹಿಯ ಒಂದು ಕಟ್ಟು ಇನ್ನೂ ಮನೆಯಲ್ಲಿದೆ. ವಾರವಾರ ಪತ್ರಿಕೆಯ ಪಿನ್ನು ಬಿಡಿಸಿ ಹಾಳೆಗಳನ್ನು ತೆಗೆದು, ಕೊನೆಗೆ ದಬ್ಬಣದಿಂದ ತೂತು ಹೊಡೆದು ದಾರದಲ್ಲಿ ಹೊಲಿದದ್ದು. ಹಾಳೆಯ ಹಿಂಬದಿಗೆ ಕೇಶತೈಲದ ಜಾಹೀರಾತು, ಅರ್ಧ ತುಂಬಿಸಿದ ಪದಬಂಧ. ಒಂದು ಕಂತಿನ ಕೊನೆಯಲ್ಲಿ ‘ಮುಂದಿನ ವಾರಕ್ಕೆ’ ಎಂದು ಅಚ್ಚಾಗಿರುವುದರ ಕೆಳಗೆ ಅಜ್ಜಿ ಪೆನ್ಸಿಲಿನಲ್ಲಿ ಬರೆದಿದ್ದಾರೆ: ‘ಇವಳು ಹೋಗುವುದಿಲ್ಲ.’ ಮುಂದಿನ ಕಂತಿನಲ್ಲಿ ನಾಯಕಿ ಹೋಗುತ್ತಾಳೆ. ಅಲ್ಲಿ ಅಜ್ಜಿ ಏನೂ ಬರೆದಿಲ್ಲ. ಆ ಏಳು ದಿನ ಅವರು ಒಲೆಯ ಮುಂದೆ ಆ ಹುಡುಗಿಯ ಬಗ್ಗೆ ಏನೆಲ್ಲ ಯೋಚಿಸಿರಬಹುದು! ಕಥೆಯ ಎಷ್ಟೋ ಭಾಗ ನಡೆದದ್ದು ಆ ಏಳು ದಿನಗಳಲ್ಲಿ. ಮೊಬೈಲಿನಲ್ಲಿ ಆ ಬಿಡುವನ್ನು ನಾವೇ ಮಾಡಿಕೊಳ್ಳಬೇಕು. ದಿನಕ್ಕೆ ಒಂದೇ ಕಂತು, ಸಾಧ್ಯವಾದರೆ ಎರಡು ದಿನಕ್ಕೊಂದು.

ಕೊನೆಯದಾಗಿ, ಅಂತರ್ಜಾಲದ ಕಥೆಗೆ ಇರುವ, ಅಚ್ಚಿನ ಕಥೆಗೆ ಇಷ್ಟು ಸುಲಭವಲ್ಲದ ಒಂದು ಸುಖ: ಬರೆಯುತ್ತಿರುವವರಿಗೆ ಓದುತ್ತಿರುವವರು ಆಗಲೇ ಮಾತು ತಲುಪಿಸಬಹುದು. ಅಮೆರಿಕದ ಆಂಡಿ ವಿಯರ್ ತಮ್ಮ ‘ದ ಮಾರ್ಷಿಯನ್’ ಕಾದಂಬರಿಯನ್ನು ಮೊದಲು ತಮ್ಮದೇ ಜಾಲತಾಣದಲ್ಲಿ ಅಧ್ಯಾಯ ಅಧ್ಯಾಯವಾಗಿ ಹಾಕುತ್ತಾ ಹೋದರು. ಓದುಗರು ವಿಜ್ಞಾನದ ತಪ್ಪುಗಳನ್ನು ಹೇಳಿದಂತೆ ತಿದ್ದಿಕೊಂಡರು. ದೊಡ್ಡ ಪ್ರಕಾಶಕರ ಅಚ್ಚಿಗೆ ಅದು ಬಂದದ್ದು 2014ರಲ್ಲಿ. ಕನ್ನಡದಲ್ಲಿ ಬರೆಯುವವರಿಗೂ ಅಂಥ ಓದುಗರು ಬೇಕು. ‘ಸೂಪರ್’, ‘ಚೆನ್ನಾಗಿದೆ’ ಎಂಬ ಮಾತುಗಳಿಗೆ ಅಲ್ಲಿ ಬರವಿಲ್ಲ. ಯಾವ ಸಾಲು, ಯಾವ ನಡೆ ನಿಮ್ಮನ್ನು ತಟ್ಟಿತು ಎಂದು ಬರೆಯಿರಿ.

ಅಕ್ಕಿ ಗಿರಣಿಯ ಗುಮಾಸ್ತನೊಬ್ಬನ ಮೇಲಿನ ಧಾರಾವಾಹಿಯೊಂದನ್ನು ನಾನು ಹೀಗೆಯೇ ಹಿಡಿದಿದ್ದೆ. ಹದಿನಾಲ್ಕನೆಯ ಕಂತಿಗೆ ಅದು ನಿಂತುಹೋಯಿತು. ಏಳು ತಿಂಗಳಾದರೂ ಮುಂದಿನದು ಬರಲಿಲ್ಲ. ಕೊನೆಗೆ ಎರಡು ಸಾಲು ಬರೆದೆ: ‘ಮನೆ ಬಿಟ್ಟುಹೋದ ಮಗನ ಚಪ್ಪಲಿಯನ್ನು ತಂದೆ ಮಳೆಗೆ ನೆನೆಯದಂತೆ ಒಳಗೆ ಎತ್ತಿಡುತ್ತಾನಲ್ಲ, ಅದು ಇನ್ನೂ ಕಣ್ಣಿನಲ್ಲಿದೆ. ಮಗ ಬಂದನೇ?’ ಮೂರು ವಾರದ ಮೇಲೆ ಹದಿನೈದನೆಯ ಕಂತು ಬಂತು. ಮಗ ಬಂದಿರಲಿಲ್ಲ. ತಂದೆ ಆ ಚಪ್ಪಲಿ ಮೆಟ್ಟಿಕೊಂಡು ಗಿರಣಿಗೆ ಹೊರಟಿದ್ದ.